ಒಂದೇ ಪುಡಿ ಕೊಡುವ ಬಿಳಿ ಬೆಳಕು

ಕೆಟ್ಟುಹೋದ ಎಲ್‌ಇಡಿ ಬಲ್ಬಿನ ಪ್ಲಾಸ್ಟಿಕ್ ಬುರುಡೆಯನ್ನು ತಿರುಚಿ ತೆಗೆದರೆ ಒಳಗಿನ ಅಲ್ಯೂಮಿನಿಯಂ ತಟ್ಟೆಯ ಮೇಲೆ ಸುಮಾರು ಮೂರು ಮಿಲಿಮೀಟರ್ ಗಾತ್ರದ ಹಳದಿ ಚೌಕಗಳು ಸಾಲಾಗಿ ಕಾಣಿಸುತ್ತವೆ. ಬಲ್ಬು ಕೊಡುತ್ತಿದ್ದ ಬೆಳಕು ಬಿಳಿ. ಬೆಳಕು ಹೊರಡುತ್ತಿದ್ದ ಜಾಗ ಮಾತ್ರ ಹಳದಿ. ಪ್ರತಿ ಚೌಕದ ತಳದಲ್ಲಿ ಇಂಡಿಯಂ ಗ್ಯಾಲಿಯಂ ನೈಟ್ರೈಡಿನ ಪುಟ್ಟ ಚಿಪ್ ಇದ್ದು, ಅದು ಸುಮಾರು 450 ನ್ಯಾನೋಮೀಟರ್ ತರಂಗಾಂತರದ ಅಚ್ಚ ನೀಲಿ ಬೆಳಕನ್ನು ಸೂಸುತ್ತದೆ. ಅದರ ಮೇಲೆ ಸಿಲಿಕೋನ್ ಅಂಟಿನಲ್ಲಿ ಕಲಸಿ ಹಚ್ಚಿದ ಹಳದಿ ಪುಡಿ, ಅಂದರೆ ಸೀರಿಯಂ ಬೆರೆಸಿದ ಯಿಟ್ರಿಯಂ ಅಲ್ಯೂಮಿನಿಯಂ ಗಾರ್ನೆಟ್ ಎಂಬ ಫಾಸ್ಫರ್, ಆ ನೀಲಿಯ ಒಂದಂಶವನ್ನು ಹೀರಿಕೊಂಡು 550 ನ್ಯಾನೋಮೀಟರಿನ ಆಸುಪಾಸಿನಲ್ಲಿ ಹರಡಿಕೊಂಡ ಹಳದಿ ಬೆಳಕಾಗಿ ಹೊರಬಿಡುತ್ತದೆ. ಹೀರದೆ ಉಳಿದ ನೀಲಿ ಹಾಗೆಯೇ ತೂರಿ ಬರುತ್ತದೆ. ಎರಡೂ ಒಟ್ಟಿಗೆ ತಲಪಿದಾಗ ಕಣ್ಣು ಅದನ್ನು ಬಿಳಿ ಎಂದು ಒಪ್ಪಿಕೊಳ್ಳುತ್ತದೆ.

ಈ ಜೋಡಿಯನ್ನು ಜಪಾನಿನ ನಿಚಿಯಾ ಕಂಪನಿ 1996ರಲ್ಲಿ ಮಾರುಕಟ್ಟೆಗೆ ತಂದಿತು. ನೀಲಿ ಎಲ್‌ಇಡಿಗಾಗಿ ಅಕಸಾಕಿ, ಅಮಾನೊ ಮತ್ತು ನಕಮುರ ಅವರಿಗೆ 2014ರ ಭೌತವಿಜ್ಞಾನದ ನೊಬೆಲ್ ಬಂದಾಗ ಪತ್ರಿಕೆಗಳೆಲ್ಲ ಬರೆದವು. ಹಳದಿ ಪುಡಿಗೆ ಅಂಥ ಭಾಗ್ಯ ಇರಲಿಲ್ಲ. ಬ್ಲಾಸೆ ಮತ್ತು ಬ್ರಿಲ್ ಎಂಬಿಬ್ಬರು ಅದನ್ನು 1967ರಲ್ಲೇ ಕ್ಯಾಥೋಡ್ ಕಿರಣದ ಕೊಳವೆಗಳಿಗಾಗಿ ವರದಿ ಮಾಡಿದ್ದರು. ತಕ್ಕ ನೀಲಿ ಚಿಪ್ ಹುಟ್ಟುವ ತನಕ, ಹೆಚ್ಚುಕಡಿಮೆ ಮೂವತ್ತು ವರ್ಷ, ಅದು ತನ್ನ ದೊಡ್ಡ ಉದ್ಯೋಗಕ್ಕಾಗಿ ಕಾಯಬೇಕಾಯಿತು.

ಫಾಸ್ಫರ್ ಪುಡಿಗಳನ್ನು ಕುಲುಮೆಯಲ್ಲಿ ಸುಟ್ಟು ಅವುಗಳ ಬೆಳಕನ್ನು ಅಳೆಯುವುದು ನನ್ನ ಸಂಶೋಧನೆಯ ಕೆಲಸ. ಕಾಸರಗೋಡಿನ ಬದಿಯಡ್ಕದ ಕಡೆಯ ನಮ್ಮವರು ಅದರ ಬಗ್ಗೆ ವಿಚಾರಿಸಿದಾಗಲೆಲ್ಲ, ಬಿಳಿ ಬೆಳಕು ಕೊಡುವ ಬಲ್ಬು ಈಗಾಗಲೇ ಮನೆಮನೆಯಲ್ಲಿ ಉರಿಯುತ್ತಿರುವಾಗ ಇನ್ನೂ ಹುಡುಕುವುದೇನಿದೆ ಎಂಬ ಪ್ರಶ್ನೆ ತಪ್ಪದೆ ಬರುತ್ತದೆ. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ನಮ್ಮ ಊರಿನ ಎರಡು ಕಸುಬುಗಳಲ್ಲೇ ಸಿಗುತ್ತದೆ.

ಒಂದನೆಯದು ಅಡಿಕೆ ಗಾರ್ಬಲು. ಚಾಲಿ, ಪಟೋರ, ಉಳ್ಳಿ, ಕರಿಗೋಟು ಎಂದು ವಿಂಗಡಿಸುವವರು ನೋಡುವುದು ಗಾತ್ರವನ್ನು ಮಾತ್ರವಲ್ಲ, ಮೈಬಣ್ಣವನ್ನು. ಹೊಸ ಚಾಲಿಗೂ ಹಳೆ ಚಾಲಿಗೂ ಇರುವ ಬೆಲೆಯ ಅಂತರ ನಿಂತಿರುವುದು ಬೂದಿಮಿಶ್ರಿತ ಬಿಳುಪು ಎಷ್ಟು ಕಂದಿದೆ, ಕೆಂಪು ಎಷ್ಟು ಏರಿದೆ ಎಂಬ ಸೂಕ್ಷ್ಮದ ಮೇಲೆ. ಅಗ್ಗದ ಎಲ್‌ಇಡಿಯ ಕೆಳಗೆ ಆ ಸೂಕ್ಷ್ಮ ಮಾಸಿಹೋಗುತ್ತದೆ. ಹಾಗಾಗಿ ಅನುಭವಿಗಳು ಆಯುವ ಕೆಲಸವನ್ನು ಹಗಲು ಬೆಳಕಿನಲ್ಲೇ ಮುಗಿಸುತ್ತಾರೆ. ಎರಡನೆಯದು ಯಕ್ಷಗಾನದ ಬಣ್ಣಗಾರಿಕೆ. ಸಫೇತಿ ಎಂಬ ಬಿಳಿ ಪುಡಿಗೆ ಹಳದಿಯ ಅರದಾಳ ಮತ್ತು ಕೆಂಪಿನ ಇಂಗಳೀಕವನ್ನು ಬೆರೆಸಿ ಮುಖದ ಮೈಬಣ್ಣ ತಯಾರಿಸುವ ಹಳೆಯ ಕ್ರಮದಲ್ಲಿ ಇಂಗಳೀಕವೆಂದರೆ ಪಾದರಸದ ಸಲ್ಫೈಡು. ಅದು ಚೆನ್ನಾಗಿ ಪ್ರತಿಫಲಿಸುವುದು ಸರಿಸುಮಾರು 600 ನ್ಯಾನೋಮೀಟರಿಗಿಂತ ಉದ್ದದ ಅಲೆಗಳನ್ನು ಮಾತ್ರ. ನೀಲಿ ಚಿಪ್ ಮತ್ತು ಹಳದಿ ಗಾರ್ನೆಟ್ ಜೋಡಿಯ ರೋಹಿತದಲ್ಲಿ ಆ ಭಾಗ ಬಡಕಲು. ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ಒಂದು ಬಗೆಯ ದೀಪ, ರಂಗಸ್ಥಳದಲ್ಲಿ ಇನ್ನೊಂದು ಬಗೆಯ ದೀಪ ಇದ್ದರಂತೂ ಕನ್ನಡಿಯಲ್ಲಿ ನೋಡಿ ಬರೆದುಕೊಂಡ ಮುಖ ಸಭೆಗೆ ಬೇರೆಯಾಗಿಯೇ ಕಾಣುತ್ತದೆ.

ಇದನ್ನು ಅಳೆಯಲು ವರ್ಣದರ್ಶನ ಸೂಚ್ಯಂಕ, ಅಂದರೆ ಸಿಆರ್‌ಐ ಎಂಬ ಮಾನದಂಡವಿದೆ. ಸೂರ್ಯನ ಬೆಳಕಿಗೂ ಫಿಲಮೆಂಟ್ ಬಲ್ಬಿಗೂ ಅದು ನೂರರ ಹತ್ತಿರ. ಗಾರ್ನೆಟ್ ಒಂದನ್ನೇ ಬಳಸಿದ ಎಲ್‌ಇಡಿಗಳಿಗೆ ಸಾಮಾನ್ಯವಾಗಿ 70ರಿಂದ 80. ಆದರೆ ಬಲ್ಬಿನ ಪೆಟ್ಟಿಗೆಯ ಮೇಲೆ ಅಚ್ಚಾಗುವ ಈ ಸಂಖ್ಯೆ ತುಸು ಜಾಣ ಸಂಖ್ಯೆ: ಅದು ಎಂಟು ಮಾದರಿ ಬಣ್ಣಗಳ ಸರಾಸರಿ, ಮತ್ತು ಆ ಎಂಟೂ ತಿಳಿ ಬಣ್ಣಗಳೇ. ಗಾಢ ಕೆಂಪು ಒಂಬತ್ತನೆಯ ಮಾದರಿ; ಅದು ಸರಾಸರಿಯ ಲೆಕ್ಕಕ್ಕೇ ಬರುವುದಿಲ್ಲ. ಆ ಒಂಬತ್ತನೆಯ ಅಂಕವನ್ನು ಪ್ರತ್ಯೇಕವಾಗಿ ನೋಡಿದರೆ ಸೊನ್ನೆಯ ಹತ್ತಿರವೋ ಸೊನ್ನೆಗಿಂತ ಕೆಳಗೋ ಇರುವ ದೀಪಗಳು ಧಾರಾಳವಾಗಿ ಸಿಗುತ್ತವೆ.

ಕೊರತೆ ಕೆಂಪಿನದ್ದಾದರೆ ಕೆಂಪು ಪುಡಿಯನ್ನೂ ಸೇರಿಸಿದರೆ ಆಯಿತಲ್ಲ ಎಂದು ತೋರುವುದು ಸಹಜ. ಒಳ್ಳೆಯ ದೀಪಗಳಲ್ಲಿ ಮಾಡುವುದೂ ಅದನ್ನೇ. ಯೂರೋಪಿಯಂ ಬೆರೆತ ಕೆಂಪು ನೈಟ್ರೈಡುಗಳು, ಮ್ಯಾಂಗನೀಸ್ ಬೆರೆತ ಪೊಟ್ಯಾಸಿಯಂ ಫ್ಲೋರೋಸಿಲಿಕೇಟ್ ಇವೆಲ್ಲ ಅದಕ್ಕೆಂದೇ ಇವೆ. ಆದರೆ ಪುಡಿಗಳು ಎರಡಾದಾಗ, ಮೂರಾದಾಗ ಅವುಗಳ ಹೊಂದಾಣಿಕೆಯ ತಕರಾರು ಶುರುವಾಗುತ್ತದೆ. ಕೆಂಪು ನೈಟ್ರೈಡು ನೀಲಿಯನ್ನು ಮಾತ್ರ ಹೀರಿ ಸುಮ್ಮನಿರದೆ ಪಕ್ಕದ ಪುಡಿ ಆಗಷ್ಟೇ ಕೊಟ್ಟ ಹಸಿರು-ಹಳದಿಯನ್ನೂ ನುಂಗುತ್ತದೆ. ಕಣಗಳ ಗಾತ್ರ, ಸಾಂದ್ರತೆ ಬೇರೆಬೇರೆಯಾದ್ದರಿಂದ ಸಿಲಿಕೋನ್ ಗಟ್ಟಿಯಾಗುವುದರೊಳಗೆ ಒಂದು ತಳಕ್ಕೆ ಇಳಿದು ಇನ್ನೊಂದು ಮೇಲೆ ನಿಲ್ಲುತ್ತದೆ. ಒಂದೇ ದಿನ ತಯಾರಾದ ದೀಪಗಳನ್ನೂ ಬಣ್ಣ ನೋಡಿ ಬೇರೆಬೇರೆ ಬುಟ್ಟಿಗೆ ಹಾಕಬೇಕಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಬಿಸಿ ಏರಿದಾಗ ಒಂದೊಂದು ಪುಡಿ ಒಂದೊಂದು ವೇಗದಲ್ಲಿ ಮಂಕಾಗುತ್ತದೆ, ವರ್ಷಗಳು ಕಳೆದಂತೆ ಒಂದೊಂದು ವೇಗದಲ್ಲಿ ಸವೆಯುತ್ತದೆ. ಹೊಸದಾಗಿದ್ದಾಗ ಬಿಳಿಯಾಗಿದ್ದ ದೀಪ ಆಮೇಲೆ ಹಸಿರಿಗೋ ಗುಲಾಬಿಗೋ ತಿರುಗುವುದು ಹೀಗೆ.

ಆದುದರಿಂದ ಒಂದೇ ಅಜೈವಿಕ ವಸ್ತು, ಒಂದೇ ಸ್ಫಟಿಕ ಜಾಲ, ತಾನೊಂದೇ ನೀಲಿಯಿಂದ ಕೆಂಪಿನ ತನಕ ಎಲ್ಲ ಬಣ್ಣಗಳನ್ನೂ ಸೂಸಬೇಕು ಎಂಬ ಹುಡುಕಾಟ. ಇದಕ್ಕೆ ನೀಲಿ ಚಿಪ್ಪಿನ ಬದಲು 365ರಿಂದ 405 ನ್ಯಾನೋಮೀಟರಿನ ನೇರಳಾತೀತ ಅಥವಾ ನೇರಳೆ ಚಿಪ್ ಅಡಿಯಲ್ಲಿರಬೇಕು. ಅದರ ಬೆಳಕು ಕಣ್ಣಿಗೆ ಕಂಡೂ ಕಾಣದಷ್ಟು. ಕಾಣುವ ಬಿಳಿಯಷ್ಟೂ ಪುಡಿಯದ್ದೇ ಆಗಿರುತ್ತದೆ.

ಈ ಆಸೆ ಹೊಸದೆಂದು ಹೇಳುವ ಲೇಖನಗಳನ್ನು ಓದುವಾಗ ನನಗೆ ಸ್ವಲ್ಪ ನಗು ಬರುತ್ತದೆ. ರಾತ್ರಿಯಿಡೀ ನಡೆಯುವ ಆಟಗಳಿಗೆ ದೊಂದಿಯ ಕಾಲ ಮುಗಿದು ಗ್ಯಾಸ್‌ಲೈಟು ಬಂದಾಗ ಅದರ ನಡುವೆ ತೂಗುತ್ತಿದ್ದ ಮ್ಯಾಂಟಲ್ ಏನಾಗಿತ್ತು? ಆಸ್ಟ್ರಿಯಾದ ಔವರ್ ಫಾನ್ ವೆಲ್ಸ್‌ಬಾಕ್ 1891ರ ವೇಳೆಗೆ ಹದಗೊಳಿಸಿದ, ನೂರರಲ್ಲಿ ತೊಂಬತ್ತೊಂಬತ್ತು ಪಾಲು ಥೋರಿಯಂ ಆಕ್ಸೈಡು, ಒಂದು ಪಾಲು ಸೀರಿಯಂ ಆಕ್ಸೈಡು ಇರುವ ಬೂದಿಯ ಬಲೆ. ಅದೂ ಅಜೈವಿಕ, ಅದೂ ಒಂದೇ ಘನ, ಅದೂ ಬಿಳಿ. ಬೆಂಕಿಯ ಶಾಖದಿಂದ ಬೆಳಗುವುದು ಅದರ ಬಗೆ. ಇಂದಿನ ಫಾಸ್ಫರುಗಳು ಶಾಖವಿಲ್ಲದೆ ಬೆಳಗುತ್ತವೆ, ಅಷ್ಟೇ ವ್ಯತ್ಯಾಸ. ಅಂದಹಾಗೆ ಆ ಥೋರಿಯಂ ಮತ್ತು ಸೀರಿಯಂ ನಮ್ಮ ಇದೇ ಕರಾವಳಿಯ ದಕ್ಷಿಣ ತುದಿಯ ಸರಕು. 1909ರಲ್ಲಿ ಶೋಂಬರ್ಗ್ ಎಂಬ ಜರ್ಮನ್ ರಸಾಯನವಿಜ್ಞಾನಿ ತಿರುವಾಂಕೂರಿನಿಂದ ಹೋದ ತೆಂಗಿನ ನಾರಿಗೆ ಅಂಟಿಕೊಂಡಿದ್ದ ಮರಳಿನಲ್ಲಿ ಮೊನಜೈಟ್ ಖನಿಜವನ್ನು ಗುರುತಿಸಿದ, ಆಮೇಲೆ ಅಲ್ಲಿನ ಮರಳು ಮ್ಯಾಂಟಲ್ ಉದ್ಯಮಕ್ಕೆ ಹಡಗೇರಿತು.

ಶಾಖವಿಲ್ಲದೆ ಬೆಳಗುವ ಬಿಳಿ ಪುಡಿಗೂ ಎಂಬತ್ತು ವರ್ಷ ದಾಟಿದೆ. ಇಂಗ್ಲೆಂಡಿನ ಜಿಇಸಿ ಕಂಪನಿಯ ಪ್ರಯೋಗಾಲಯದಲ್ಲಿ ಮೆಕೀಗ್ ಮತ್ತು ರಾನ್‌ಬಿ 1942ರಲ್ಲಿ ಕ್ಯಾಲ್ಸಿಯಂ ಹ್ಯಾಲೋಫಾಸ್ಫೇಟನ್ನು ಕಂಡುಹಿಡಿದರು. ಅದರ ಮೂಲ ಸ್ಫಟಿಕ ಅಪಟೈಟ್. ನಮ್ಮ ಹಲ್ಲು ಮೂಳೆಗಳಲ್ಲಿರುವುದೂ ಅಡಿಕೆ ತೋಟಕ್ಕೆ ಹಾಕುವ ರಾಕ್ ಫಾಸ್ಫೇಟಿನಲ್ಲಿರುವುದೂ ಅದೇ ಕುಟುಂಬದ ಖನಿಜ. ಅದರ ಕ್ಯಾಲ್ಸಿಯಂ ಜಾಗದಲ್ಲಿ ಚೂರು ಆಂಟಿಮನಿಯನ್ನೂ ಚೂರು ಮ್ಯಾಂಗನೀಸನ್ನೂ ಕೂರಿಸಿದಾಗ, ಟ್ಯೂಬಿನೊಳಗಿನ ಪಾದರಸದ ಆವಿ ಕೊಡುವ 254 ನ್ಯಾನೋಮೀಟರಿನ ನೇರಳಾತೀತವನ್ನು ಆಂಟಿಮನಿ ಹೀರಿ 480ರ ಸುತ್ತ ನೀಲಿಯಾಗಿ ಬೆಳಗುತ್ತದೆ, ಹೀರಿದ್ದರಲ್ಲಿ ಒಂದು ಪಾಲನ್ನು ನೆರೆಯ ಮ್ಯಾಂಗನೀಸಿಗೆ ದಾಟಿಸುತ್ತದೆ, ಮ್ಯಾಂಗನೀಸು 580ರ ಸುತ್ತ ಕಿತ್ತಳೆಯಾಗಿ ಬೆಳಗುತ್ತದೆ. ಮ್ಯಾಂಗನೀಸಿನ ಪ್ರಮಾಣ ಹೆಚ್ಚುಕಡಿಮೆ ಮಾಡಿದರೆ ತಂಪು ಬಿಳಿಯೋ ಬೆಚ್ಚಗಿನ ಬಿಳಿಯೋ ಬೇಕಾದ ಹಾಗೆ ಸಿಗುತ್ತದೆ. ನಮ್ಮ ಶಾಲೆ, ಅಂಗಡಿ, ದೇವಸ್ಥಾನದ ಚಂದ್ರಶಾಲೆಗಳಲ್ಲಿ ದಶಕಗಳ ಕಾಲ ಉರಿದ ದಪ್ಪ ಟ್ಯೂಬ್‌ಲೈಟುಗಳ ಒಳಮೈಗೆ ಹಚ್ಚಿದ್ದ ಬಿಳಿ ಲೇಪ ಇದುವೇ.

ಹಾಗಿದ್ದರೆ ಜಗತ್ತು ಅದನ್ನು ಬಿಟ್ಟದ್ದು ಯಾಕೆ ಎಂಬುದನ್ನು ಈ ಕ್ಷೇತ್ರದವರು ಮರೆಯಬಾರದು. 1970ರ ದಶಕದಲ್ಲಿ ನೀಲಿ, ಹಸಿರು, ಕೆಂಪು ಮೂರು ಬೇರೆಬೇರೆ ವಿರಳ ಭಸ್ಮ (ರೇರ್ ಅರ್ತ್) ಫಾಸ್ಫರುಗಳ ಮಿಶ್ರಣ ಬಂದಿತು. ಅದು ಹ್ಯಾಲೋಫಾಸ್ಫೇಟಿಗಿಂತ ಹೆಚ್ಚು ಬೆಳಕನ್ನೂ 80ಕ್ಕಿಂತ ಮೇಲಿನ ಸಿಆರ್‌ಐಯನ್ನೂ ಒಟ್ಟಿಗೆ ಕೊಟ್ಟಿತು. ಅಂದರೆ ಒಂದೇ ಪುಡಿಯಿಂದ ಮೂರು ಪುಡಿಗೆ ಹೋದದ್ದು ಕಾರಣವಿಲ್ಲದೆ ಅಲ್ಲ, ಸ್ಪರ್ಧೆಯಲ್ಲಿ ಸೋತು. ಈಗ ಪುನಃ ಒಂದೇ ಪುಡಿಗೆ ಬರಬೇಕೆನ್ನುವವರು ಆ ಮಿಶ್ರಣದ ಎದುರು ಗೆದ್ದು ತೋರಿಸಬೇಕಾಗುತ್ತದೆ. ಒಂದೇ ಎಂಬ ಹೆಗ್ಗಳಿಕೆಗೆ ಬೆಲೆ ಇಲ್ಲ.

ಹೊಸಬರು ಮೊದಲು ಕೈಹಾಕುವುದು ಡಿಸ್ಪ್ರೋಸಿಯಂ ಎಂಬ ವಿರಳ ಭಸ್ಮ ಧಾತುವಿಗೆ. ನಾನೂ ಅಲ್ಲಿಂದಲೇ ಹೊರಟವನು. ಈ ಒಂದು ಅಯಾನು 480 ನ್ಯಾನೋಮೀಟರಿನಲ್ಲಿ ನೀಲಿ ಗೆರೆಯನ್ನೂ 575ರಲ್ಲಿ ಹಳದಿ ಗೆರೆಯನ್ನೂ ತಾನೇ ಕೊಡುತ್ತದೆ. ನೀಲಿ ಗೆರೆ ಸುತ್ತಲಿನ ಸ್ಫಟಿಕ ಹೇಗಿದೆ ಎಂಬುದನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ; ಹಳದಿ ಗೆರೆ ತುಂಬ ಲೆಕ್ಕಿಸುತ್ತದೆ. ಅಯಾನು ಕುಳಿತ ಜಾಗದ ಸಮಮಿತಿ ಕೆಟ್ಟಷ್ಟೂ ಹಳದಿ ಬಲಗೊಳ್ಳುತ್ತದೆ. ಹಾಗಾಗಿ ಆಶ್ರಯ ಸ್ಫಟಿಕವನ್ನು ಜಾಣತನದಿಂದ ಆರಿಸಿದರೆ ಎರಡರ ಪ್ರಮಾಣ ಹೊಂದಿ ಬಿಳಿ ಬರುತ್ತದೆ.

ತಯಾರಿ ನೋಡಲು ಸರಳ. ಕ್ಯಾಲ್ಸಿಯಂ ಕಾರ್ಬೋನೇಟು, ಮೆಗ್ನೀಸಿಯಂ ಆಕ್ಸೈಡು, ಸಿಲಿಕಾ, ಡಿಸ್ಪ್ರೋಸಿಯಂ ಆಕ್ಸೈಡುಗಳನ್ನು ಮಿಲಿಗ್ರಾಂ ಲೆಕ್ಕದಲ್ಲಿ ತೂಗಿ, ಅಗೇಟ್ ಕಲ್ಲಿನ ಪುಟ್ಟ ಒರಳಿನಲ್ಲಿ ಅಸಿಟೋನ್ ಬಿಟ್ಟು ಅರೆಯಬೇಕು. ಅಸಿಟೋನ್ ಆರಿದಂತೆಲ್ಲ ಪುಡಿ ಬದಿಗೆ ಹತ್ತುತ್ತದೆ, ಕೆರೆದು ಮತ್ತೆ ಬಿಟ್ಟು ಮತ್ತೆ ಅರೆಯಬೇಕು. ಬೆರಳಿಗೆ ತರಿ ಸಿಗದಷ್ಟು ನುಣುಪಾಗುವ ಹೊತ್ತಿಗೆ ಮಣಿಕಟ್ಟು ಸೋಲುತ್ತದೆ. ಎರಡು ಧನ ಆವೇಶದ ಕ್ಯಾಲ್ಸಿಯಂ ಜಾಗಕ್ಕೆ ಮೂರು ಧನ ಆವೇಶದ ಡಿಸ್ಪ್ರೋಸಿಯಂ ಬಂದು ಕೂರುವುದರಿಂದ ಆವೇಶದ ಲೆಕ್ಕ ಸರಿದೂಗಲು ಚೂರು ಲಿಥಿಯಂ ಕೂಡ ಬೇಕು. ಬಳಿಕ ಅಲ್ಯೂಮಿನಾ ಮೂಸೆಯಲ್ಲಿ ತುಂಬಿ 1200 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಗಂಟೆಗಟ್ಟಲೆ ಸುಡುವುದು. ಹೊರಬಂದದ್ದು ಕೋಣೆಯ ಬೆಳಕಿನಲ್ಲಿ ಬರೀ ಬಿಳಿ ಪುಡಿ. ಸುಣ್ಣವೋ ಮೈದಾಹಿಟ್ಟೋ ಎಂದು ಯಾರಾದರೂ ಕೇಳಿಯಾರು. ಕಿಟಕಿ ಮುಚ್ಚಿ 365 ನ್ಯಾನೋಮೀಟರಿನ ಟಾರ್ಚ್ ಹಿಡಿದರೆ ಮಾತ್ರ ಅದು ಮಂದವಾದ, ಒಂದಿಷ್ಟು ಹಳದಿಗೆ ವಾಲಿದ ಬಿಳಿಯಲ್ಲಿ ಎದ್ದು ಕಾಣುತ್ತದೆ.

ಮಳೆಗಾಲದಲ್ಲಿ ಈ ತೂಕದ ಕೆಲಸ ನಮ್ಮ ಕರಾವಳಿಯಲ್ಲಿ ಬೇರೆಯೇ ಶಿಸ್ತನ್ನು ಬೇಡುತ್ತದೆ. ಲ್ಯಾಂಥನಂ ಆಕ್ಸೈಡಿನಂಥ ವಸ್ತು ಗಾಳಿಯ ತೇವವನ್ನೂ ಇಂಗಾಲದ ಡೈ ಆಕ್ಸೈಡನ್ನೂ ಹೀರಿ ಹೈಡ್ರಾಕ್ಸೈಡು, ಕಾರ್ಬೋನೇಟುಗಳಾಗಿ ಮಾರ್ಪಡುತ್ತದೆ; ಆಷಾಢದಲ್ಲಿ ಬಾಟಲಿಯಿಂದ ತೆಗೆದು ನೇರವಾಗಿ ತೂಗಿದರೆ ತೂಗಿದ್ದರಲ್ಲಿ ಒಂದು ಪಾಲು ನೀರೇ. ತೂಗುವ ಮೊದಲು ಕುಲುಮೆಯಲ್ಲಿ ಕಾಯಿಸಿ, ಡೆಸಿಕೇಟರಿನಲ್ಲಿ ಆರಿಸಿ, ಬಿಸಿ ಆರಿದ ಕೂಡಲೇ ತೂಗಬೇಕು. ಒಣ ಹವೆಯ ದೇಶಗಳಲ್ಲಿ ಬರೆದ ಪ್ರಬಂಧಗಳು ಇದನ್ನು ಅರ್ಧ ವಾಕ್ಯದಲ್ಲಿ ದಾಟಿಬಿಡುತ್ತವೆ.

ಇಷ್ಟೆಲ್ಲ ಸುಡುವ ತಾಪತ್ರಯ ಬೇಡವೆನ್ನುವವರಿಗೆ ಬೆಂಗಳೂರಿನಲ್ಲೇ ಹುಟ್ಟಿದ ಒಂದು ಮಾರ್ಗವಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಕೆ. ಸಿ. ಪಾಟೀಲರು ಕಿಂಗ್‌ಸ್ಲಿಯವರ ಜೊತೆಗೆ 1988ರಲ್ಲಿ ಪ್ರಕಟಿಸಿದ ದಹನ ಸಂಶ್ಲೇಷಣೆಯ ವಿಧಾನದಲ್ಲಿ ಲೋಹಗಳ ನೈಟ್ರೇಟುಗಳನ್ನೂ ಯೂರಿಯಾವನ್ನೂ ತುಸು ನೀರಿನಲ್ಲಿ ಕರಗಿಸಿ 500 ಡಿಗ್ರಿಗೆ ಕಾಯ್ದ ಕುಲುಮೆಯೊಳಗೆ ಇಟ್ಟರೆ, ದ್ರಾವಣ ಕುದಿದು, ನೊರೆಯೆದ್ದು, ಕಡೆಗೆ ತಾನೇ ಹೊತ್ತಿಕೊಳ್ಳುತ್ತದೆ. ಜ್ವಾಲೆಯ ಶಾಖ ಕುಲುಮೆಯ ಶಾಖಕ್ಕಿಂತ ಎಷ್ಟೋ ಹೆಚ್ಚು. ಐದು ನಿಮಿಷದೊಳಗೆ ಬಟ್ಟಲು ತುಂಬ ಹಗುರವಾದ, ಉಬ್ಬಿದ ಪುಡಿ ಸಿದ್ಧ. ತೋಟಕ್ಕೆ ಹಾಕುವ ಯೂರಿಯಾವೇ ಇಲ್ಲಿ ಇಂಧನ, ಆದರೆ ಇನ್ನೂ ಶುದ್ಧವಾದದ್ದು. ಇವತ್ತು ಜಗತ್ತಿನ ಅನೇಕ ಪ್ರಯೋಗಾಲಯಗಳಲ್ಲಿ ಫಾಸ್ಫರುಗಳನ್ನು ಹೀಗೆಯೇ ತಯಾರಿಸುತ್ತಾರೆ.

ಡಿಸ್ಪ್ರೋಸಿಯಂಗೆ ವಾಪಸು ಬರುವುದಾದರೆ, ಅದರ ಮೇಲೆ ನನಗೆ ಈಗ ಮೊದಲಿನ ಉತ್ಸಾಹ ಇಲ್ಲ. ಅದು ನೇರಳಾತೀತವನ್ನು ಹೀರುವುದು 350, 365, 387 ನ್ಯಾನೋಮೀಟರುಗಳ ಕಿರಿದಾದ ಗೆರೆಗಳಲ್ಲಿ ಮಾತ್ರ, ಅದೂ ತೀರ ದುರ್ಬಲವಾಗಿ. ಆ ಜಿಗಿತಗಳು ಕ್ವಾಂಟಂ ನಿಯಮದ ಪ್ರಕಾರ ನಿಷಿದ್ಧವಾದವು. ಸಾಕಷ್ಟು ಹೀರಲೆಂದು ಡಿಸ್ಪ್ರೋಸಿಯಂ ಪ್ರಮಾಣ ಹೆಚ್ಚಿಸಿದರೆ ಅಯಾನುಗಳು ಒಂದಕ್ಕೊಂದು ಹತ್ತಿರವಾಗಿ ಶಕ್ತಿಯನ್ನು ನೆರೆಯಿಂದ ನೆರೆಗೆ ದಾಟಿಸುತ್ತ ಹೋಗುತ್ತವೆ, ಮತ್ತು ತೋಟದ ಕಣಿಯಲ್ಲಿ ಹೊರಟ ನೀರು ಕೊನೆಯ ಮರದ ಬುಡ ಮುಟ್ಟುವ ಮೊದಲೇ ಏಡಿಬಿಲಕ್ಕೆ ಇಳಿದುಹೋಗುವಂತೆ ಆ ಶಕ್ತಿ ಸ್ಫಟಿಕದ ಯಾವುದೋ ದೋಷದಲ್ಲಿ ಶಾಖವಾಗಿ ಮುಗಿಯುತ್ತದೆ. ಎಲ್ಲಕ್ಕಿಂತ ಮೇಲಾಗಿ ಆ ಬಿಳಿಯಲ್ಲಿ ಕೆಂಪು ಇಲ್ಲವೆನ್ನುವಷ್ಟು ಕಡಿಮೆ. ಇಂಗಳೀಕ ಅದರ ಕೆಳಗೆ ಕಂದು.

ಇಲ್ಲಿ ಒಂದು ಮಾತನ್ನು ಖಡಾಖಂಡಿತವಾಗಿ ಹೇಳಬೇಕೆನಿಸುತ್ತದೆ. ಒಂದೇ ಘಟಕದ ಬಿಳಿ ಫಾಸ್ಫರ್ ಎಂಬ ಶೀರ್ಷಿಕೆಯ ಪ್ರಬಂಧಗಳಲ್ಲಿ ತೀರ ಸಾಮಾನ್ಯವಾದ ಚಿತ್ರವೆಂದರೆ ಬಣ್ಣವನ್ನು ಎರಡು ಸಂಖ್ಯೆಗಳಲ್ಲಿ ಗುರುತಿಸುವ 1931ರ ಸಿಐಇ ವರ್ಣನಕ್ಷೆ, ಅದರ ನಡುವೆ 0.33, 0.33ರ ಬಳಿ ಒಂದು ನಕ್ಷತ್ರ ಚಿಹ್ನೆ. ನಕ್ಷೆಯ ನಡುವಿಗೆ ಬಂದಿತೆಂದರೆ ಬಿಳಿ ಸಿದ್ಧಿಸಿತು ಎಂದು ವಾದ. ಆದರೆ ಸೂಕ್ತವಾದ ಎರಡೇ ಎರಡು ಗೆರೆಗಳಿದ್ದರೂ ಆ ನಡುವನ್ನು ಮುಟ್ಟಬಹುದು. ನಕ್ಷತ್ರ ಎಲ್ಲಿದೆ ಎಂಬುದು ದೀಪವನ್ನು ನೇರವಾಗಿ ದಿಟ್ಟಿಸುವವನಿಗೆ ಮಾತ್ರ ಉತ್ತರ, ಆ ದೀಪದ ಕೆಳಗೆ ಅಡಿಕೆ ಆಯುವವನಿಗಲ್ಲ.

ಡಿಸ್ಪ್ರೋಸಿಯಂ ಹಾದಿಯಲ್ಲಿ ಸಿಗದ ಕೆಂಪನ್ನು ತರಲು ಆಂಟಿಮನಿ–ಮ್ಯಾಂಗನೀಸಿನ ಹಳೆಯ ಉಪಾಯವನ್ನೇ ಹೊಸ ಜೋಡಿಯಲ್ಲಿ ಪ್ರಯೋಗಿಸಿದರು: ಎರಡು ಧನ ಆವೇಶದ ಯೂರೋಪಿಯಂ ಮತ್ತು ಮ್ಯಾಂಗನೀಸ್. ಈ ಯೂರೋಪಿಯಂ ನೇರಳಾತೀತವನ್ನು ಅಗಲವಾಗಿ, ಬಲವಾಗಿ ಹೀರುತ್ತದೆ. ಮ್ಯಾಂಗನೀಸಿಗೆ ತಾನಾಗಿ ಹೀರುವ ಶಕ್ತಿ ಇಲ್ಲವೆನ್ನಬಹುದು, ಆದರೆ ಯೂರೋಪಿಯಂ ಹೊರಸೂಸುವ ರೋಹಿತವೂ ಮ್ಯಾಂಗನೀಸು ಹೀರಬಲ್ಲ ರೋಹಿತವೂ ಒಂದರ ಮೇಲೊಂದು ಬಿದ್ದಲ್ಲಿ ಶಕ್ತಿ ಬೆಳಕಾಗಿ ಹೊರಡದೆಯೇ ನೇರವಾಗಿ ದಾಟುತ್ತದೆ. ಫರ್ಸ್ಟರ್ 1948ರಲ್ಲಿ, ಡೆಕ್ಸ್ಟರ್ 1953ರಲ್ಲಿ ಈ ದಾಟುವಿಕೆಯ ಲೆಕ್ಕವನ್ನು ಬರೆದಿಟ್ಟಿದ್ದಾರೆ. ಸುತ್ತ ನಾಲ್ಕು ಆಮ್ಲಜನಕಗಳಿದ್ದರೆ ಮ್ಯಾಂಗನೀಸು ಸಾಮಾನ್ಯವಾಗಿ ಹಸಿರು ಕೊಡುತ್ತದೆ, ಆರಿದ್ದರೆ ಕಿತ್ತಳೆಯಿಂದ ಕೆಂಪು. ಬೇರಿಯಂ ಮೆಗ್ನೀಸಿಯಂ ಸಿಲಿಕೇಟಿನಲ್ಲಿ ಈ ಜೋಡಿಯನ್ನು ಕೂರಿಸಿ 442, 505 ಮತ್ತು 620 ನ್ಯಾನೋಮೀಟರಿನ ಮೂರು ಪಟ್ಟೆಗಳನ್ನು ಒಂದೇ ಪುಡಿಯಿಂದ ಪಡೆದ ದಕ್ಷಿಣ ಕೊರಿಯಾದ ಸಂಶೋಧಕರ ವರದಿ 2004ರಲ್ಲಿ ಬಂದಿತು. ಅಲ್ಲಿಂದ ಮುಂದೆ ಸಿಲಿಕೇಟು, ಫಾಸ್ಫೇಟು, ಬೋರೇಟು, ಅಲ್ಯೂಮಿನೇಟು ಎಂದು ಇದೇ ಜೋಡಿಯ ಮೇಲೆ ಬಂದ ಪ್ರಬಂಧಗಳಿಗೆ ಕೊನೆಯಿಲ್ಲ.

ಯೂರೋಪಿಯಂನ ಇನ್ನೊಂದು ಗುಣ ನನಗೆ ಇದಕ್ಕಿಂತ ಇಷ್ಟ. ಅಂಗಡಿಯಿಂದ ಬರುವ ಯೂರೋಪಿಯಂ ಆಕ್ಸೈಡಿನಲ್ಲಿ ಅದು ಮೂರು ಧನ ಆವೇಶದ್ದು. ಆ ಸ್ಥಿತಿಯಲ್ಲಿ ಅದು 612 ನ್ಯಾನೋಮೀಟರಿನ ಸುತ್ತ ಅಚ್ಚ ಕೆಂಪು ಕೊಡುತ್ತದೆ. ಅದನ್ನು ಎರಡಕ್ಕೆ ಇಳಿಸಿದರೆ ಅನೇಕ ಸ್ಫಟಿಕಗಳಲ್ಲಿ ನೀಲಿ. ಪೂರ್ತಿ ಇಳಿಸದೆ ಅರ್ಧದಲ್ಲಿ ನಿಲ್ಲಿಸಿದರೆ ಒಂದೇ ಧಾತು ನೀಲಿಯನ್ನೂ ಕೆಂಪನ್ನೂ ಕೊಡುತ್ತದೆ. ಹಸಿರಿಗೆ ಚೂರು ಟರ್ಬಿಯಂ ಸೇರಿದರೆ 545ರ ಗೆರೆಯೊಂದಿಗೆ ಬಿಳಿ ಪೂರ್ಣ. ಇಳಿಸಲು ಹೈಡ್ರೋಜನ್ ಬೆರೆತ ಸಾರಜನಕದ ಅನಿಲವನ್ನು ಹಾಯಿಸುವುದು ಶ್ರೀಮಂತ ಪ್ರಯೋಗಾಲಯಗಳ ಕ್ರಮ. ಬಡವರ ಕ್ರಮವೆಂದರೆ ಪುಡಿಯ ಸಣ್ಣ ಮೂಸೆಯನ್ನು ದೊಡ್ಡ ಮೂಸೆಯೊಳಗಿಟ್ಟು, ನಡುವಿನ ಜಾಗಕ್ಕೆ ಇದ್ದಿಲ ಪುಡಿ ತುಂಬಿ, ಮುಚ್ಚಿ ಸುಡುವುದು. ಇದ್ದಿಲು ಅರೆಬೆಂದು ಕೊಡುವ ಇಂಗಾಲದ ಮೊನಾಕ್ಸೈಡು ಆಮ್ಲಜನಕವನ್ನು ಕಸಿಯುತ್ತದೆ. ತೆಂಗಿನ ಗೆರಟೆಯ ಇದ್ದಿಲು ಇದಕ್ಕೆ ಚೆನ್ನಾಗಿ ಒಗ್ಗುತ್ತದೆ, ಮತ್ತು ಕಾಸರಗೋಡಿನಲ್ಲಿ ಗೆರಟೆಗೆ ಬರವಿಲ್ಲ. ತೊಂದರೆ ಏನೆಂದರೆ ಎಷ್ಟು ಇಳಿಯಿತು ಎಂಬುದು ಇದ್ದಿಲಿನ ಪ್ರಮಾಣ, ಮುಚ್ಚಳದ ಬಿಗಿ, ಹೊತ್ತು ಎಲ್ಲದರ ಮೇಲೂ ನಿಂತಿರುವುದರಿಂದ ಸೋಮವಾರದ ಬಿಳಿ ಗುರುವಾರ ಬರುವುದಿಲ್ಲ. ಪ್ರಬಂಧ ಬರೆಯಲು ಒಂದು ಸಲ ಬಂದರೆ ಸಾಕು. ಕಾರ್ಖಾನೆಗೆ ಪ್ರತಿ ಸಲವೂ ಬರಬೇಕು.

ಇನ್ನೂ ಆಳದ ಆಕ್ಷೇಪವೊಂದಿದೆ. ಯೂರೋಪಿಯಂ, ಮ್ಯಾಂಗನೀಸು, ಟರ್ಬಿಯಂ ಎಲ್ಲ ಒಂದೇ ಸ್ಫಟಿಕದಲ್ಲಿ ಕುಳಿತ ಮಾತ್ರಕ್ಕೆ ಅವು ಒಂದೇ ರೀತಿ ಮಂಕಾಗುತ್ತವೆ ಎಂಬ ಭರವಸೆ ಇಲ್ಲ. ಉರಿಯುವ ಎಲ್‌ಇಡಿಯ ಚಿಪ್ ಹತ್ತಿರದ ಶಾಖ 100 ಡಿಗ್ರಿ ದಾಟುವುದು ಸಾಮಾನ್ಯ, 150 ಡಿಗ್ರಿಯಲ್ಲಿ ಪುಡಿಯನ್ನು ಪರೀಕ್ಷಿಸುವುದು ಕ್ರಮ. ಆ ಶಾಖದಲ್ಲಿ ನೀಲಿ ಪಟ್ಟೆ ಒಂದು ಪ್ರಮಾಣದಲ್ಲಿ ಕುಸಿದು ಕೆಂಪು ಪಟ್ಟೆ ಇನ್ನೊಂದು ಪ್ರಮಾಣದಲ್ಲಿ ಕುಸಿದರೆ, ಮಿಶ್ರಣದ ದೀಪಕ್ಕೆ ಬಂದ ರೋಗವೇ ಇದಕ್ಕೂ ಬಂದಂತೆ. ತಳಕ್ಕೆ ಇಳಿಯುವ ಸಮಸ್ಯೆ ತಪ್ಪಿತು ನಿಜ, ಬಣ್ಣ ಜಾರುವ ಸಮಸ್ಯೆ ತಪ್ಪಲಿಲ್ಲ. ಆದ್ದರಿಂದ ನನ್ನ ಲೆಕ್ಕದಲ್ಲಿ ಪುಡಿ ಒಂದೇ ಆದರೆ ಸಾಲದು, ಬೆಳಗುವ ಕಾರಣವೂ ಒಂದೇ ಇರಬೇಕು: ನೀಲಿಯಿಂದ ಕೆಂಪಿನ ತನಕದ ಇಡೀ ಪಟ್ಟೆ ಒಂದೇ ಮೂಲದಿಂದ ಬಂದಾಗ ಮಾತ್ರ ಮಂಕಾದರೂ ಒಟ್ಟಿಗೇ ಮಂಕಾಗುತ್ತದೆ.

ಅಂಥ ಉದಾಹರಣೆಗಳು ವಿರಳ ಭಸ್ಮಗಳ ಲೋಕದ ಹೊರಗಿನಿಂದ ಬಂದವು. 2005ರಲ್ಲಿ ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಬವರ್ಸ್, ಮೆಕ್‌ಬ್ರೈಡ್, ರೋಸೆಂತಾಲ್ ಅವರು ಸುಮಾರು ಒಂದೂವರೆ ನ್ಯಾನೋಮೀಟರಿನಷ್ಟೇ ಗಾತ್ರದ ಕ್ಯಾಡ್ಮಿಯಂ ಸೆಲೆನೈಡ್ ಕಣಗಳು ಬಿಳಿಯಾಗಿ ಬೆಳಗುವುದನ್ನು ತೋರಿಸಿದರು. ಕಣ ಅಷ್ಟು ಚಿಕ್ಕದಾದಾಗ ಹೆಚ್ಚಿನ ಪರಮಾಣುಗಳೆಲ್ಲ ಮೇಲ್ಮೈಯಲ್ಲೇ ಇರುತ್ತವೆ, ಅಲ್ಲಿನ ಬಗೆಬಗೆಯ ಶಕ್ತಿಯ ತಂಗುದಾಣಗಳಿಂದ ಬಗೆಬಗೆಯ ಬಣ್ಣ ಹೊರಡುತ್ತದೆ. ದಕ್ಷತೆ ಆರಂಭದಲ್ಲಿ ತೀರ ಕಡಿಮೆ ಇತ್ತು, ಮತ್ತು ಕ್ಯಾಡ್ಮಿಯಂ ವಿಷ. 2014ರಲ್ಲಿ ಸ್ಟ್ಯಾನ್‌ಫರ್ಡಿನ ಹೇಮಮಾಲಾ ಕರುಣಾದಾಸ ಅವರ ತಂಡ ಪದರಪದರವಾದ ಸೀಸದ ಬ್ರೋಮೈಡ್ ಪೆರೋವ್‌ಸ್ಕೈಟುಗಳೆಂಬ ಸ್ಫಟಿಕಗಳಲ್ಲಿ ಯಾವ ಬೆರಕೆಯೂ ಇಲ್ಲದೆ ಅಗಲವಾದ ಬಿಳಿ ರೋಹಿತವನ್ನು ಕಂಡಿತು. ಅವುಗಳಲ್ಲಿ ಸಾವಯವ ಅಂಶವೂ ಇರುವುದರಿಂದ ಪೂರ್ತಿ ಅಜೈವಿಕವೆನ್ನುವಂತಿಲ್ಲ. ಕ್ವಾಂಟಂ ದಕ್ಷತೆ, ಅಂದರೆ ಹೀರಿದ ಫೋಟಾನುಗಳಲ್ಲಿ (ಬೆಳಕಿನ ಕಣಗಳಲ್ಲಿ) ಬೆಳಕಾಗಿ ಮರಳುವ ಪಾಲು, ಒಳ್ಳೆಯದರಲ್ಲೂ ನೂರಕ್ಕೆ 9ರ ಮಟ್ಟದಲ್ಲಿತ್ತು. ಆದರೆ ಕಾರಣ ಸ್ವಾರಸ್ಯಕರವಾಗಿತ್ತು. ಬೆಳಕು ಹೀರಿ ಕೆರಳಿದ ಇಲೆಕ್ಟ್ರಾನ್ ಮತ್ತು ಅದು ಬಿಟ್ಟುಬಂದ ರಂಧ್ರದ ಜೋಡಿ ತನ್ನ ಸುತ್ತಲಿನ ಮೆದುವಾದ ಜಾಲವನ್ನೇ ಬಗ್ಗಿಸಿ, ಆ ಬಾಗಿನೊಳಗೆ ತಾನೇ ಸಿಕ್ಕಿಕೊಳ್ಳುತ್ತದೆ. ಅಲ್ಲಿಂದ ಬಿಡುಗಡೆಯಾಗುವಾಗ ಕೊಡುವ ಬೆಳಕು ಒಂದು ಗೆರೆಯಾಗಿರದೆ ಅಗಲವಾದ ಪಟ್ಟೆಯಾಗಿರುತ್ತದೆ.

ಈ ಹಾದಿಯಲ್ಲಿ ನನ್ನನ್ನು ನಿಜವಾಗಿ ಒಪ್ಪಿಸಿದ್ದು ಚೀನಾದ ವುಹಾನಿನ ಜಿಯಾಂಗ್ ಟಾಂಗ್ ತಂಡದವರು 2018ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಕೆಲಸ. ಸೀಸಿಯಂ, ಬೆಳ್ಳಿ, ಇಂಡಿಯಂ, ಕ್ಲೋರಿನ್ ಸೇರಿದ ಸೀಸರಹಿತ ಜೋಡಿ ಪೆರೋವ್‌ಸ್ಕೈಟ್ ಅದು, ಪೂರ್ತಿ ಅಜೈವಿಕ. ಹಾಗೆಯೇ ಬಿಟ್ಟರೆ ಅದರ ಬೆಳಕು ಅತ್ಯಲ್ಪ, ಏಕೆಂದರೆ ಸಿಕ್ಕಿಕೊಂಡ ಜೋಡಿ ಬೆಳಕಾಗಿ ಮರಳುವ ದಾರಿಯೂ ಸಮಮಿತಿಯ ಕಾರಣಕ್ಕೆ ನಿಷಿದ್ಧ. ಬೆಳ್ಳಿಯ ನೂರಕ್ಕೆ 40 ಭಾಗವನ್ನು ಸೋಡಿಯಂ ಆಗಿ ಬದಲಿಸಿದಾಗ ಆ ನಿಷೇಧ ಮುರಿಯಿತು, ನೂರಕ್ಕೆ 0.04ರಷ್ಟು ಬಿಸ್ಮತ್ ಸೇರಿಸಿದಾಗ ಸ್ಫಟಿಕ ಇನ್ನೂ ಸುಧಾರಿಸಿತು. ಬೆಚ್ಚಗಿನ ಬಿಳಿ ಬೆಳಕಿಗೆ ನೂರಕ್ಕೆ ಸುಮಾರು 86ರಷ್ಟು ಕ್ವಾಂಟಂ ದಕ್ಷತೆ, ಸಾವಿರ ಗಂಟೆಗೂ ಮೀರಿದ ಬಾಳಿಕೆ. ಸೋಡಿಯಂ ಎಂಬ ಅಡುಗೆಮನೆಯ ಧಾತು ಇಷ್ಟು ಕೆಲಸ ಮಾಡಿದ್ದು ಓದಿದಾಗ ಸಂತೋಷವಾಗಿತ್ತು. ಇಂಡಿಯಂ ಮತ್ತು ಬೆಳ್ಳಿಯ ಬೆಲೆ ನೆನಪಾದಾಗ ಅದು ಸ್ವಲ್ಪ ಇಳಿಯಿತು.

ನೇರಳಾತೀತ ಚಿಪ್ಪಿನ ದಾರಿಗೆ ತಪ್ಪದ ತೆರಿಗೆಯೂ ಒಂದಿದೆ. 450ರ ನೀಲಿ ಫೋಟಾನು 560ರ ಹಳದಿಯಾದಾಗ ಶಕ್ತಿಯ ನೂರಕ್ಕೆ ಸುಮಾರು 80 ಪಾಲು ಉಳಿಯುತ್ತದೆ. 395ರ ಫೋಟಾನು 600ರ ಕೆಂಪಾದಾಗ ಉಳಿಯುವುದು ಬರೀ 66. ಪುಡಿ ಎಷ್ಟೇ ಪರಿಪೂರ್ಣವಾಗಿರಲಿ, ಈ ನಷ್ಟ ಭೌತವಿಜ್ಞಾನದ್ದು, ಅದನ್ನು ತಪ್ಪಿಸಲಾಗದು. ಹಾಗಾಗಿ ಮನೆಯ ಜಗಲಿಯ ಅಗ್ಗದ ಬಲ್ಬಿನ ಜಾಗಕ್ಕೆ ಒಂದೇ ಪುಡಿಯ ದೀಪ ಬರುತ್ತದೆಂದು ನಾನು ನಂಬುವುದಿಲ್ಲ. ಬಣ್ಣವೇ ಮುಖ್ಯವಾದ ಕಡೆ, ಗಾರ್ಬಲಿನ ಮೇಜು, ಚೌಕಿ, ಬಟ್ಟೆಯಂಗಡಿ, ಶಸ್ತ್ರಚಿಕಿತ್ಸೆಯ ಕೋಣೆ ಇಂಥಲ್ಲಿ, ಸ್ವಲ್ಪ ಹೆಚ್ಚು ಕರೆಂಟು ತಿಂದರೂ ಅದಕ್ಕೆ ಜಾಗವಿದೆ.

ಕಚ್ಚಾವಸ್ತುವಿನ ಲೆಕ್ಕವೂ ಬೇರೆಯಾಗಿದೆ. ಕೇರಳದ ಮೊನಜೈಟಿನಿಂದ ಆಲುವಾದ ಕಾರ್ಖಾನೆ 1952ರಿಂದ ವಿರಳ ಭಸ್ಮಗಳನ್ನು ಬೇರ್ಪಡಿಸುತ್ತ ಬಂದದ್ದರಿಂದ ನಮಗೆ ಇವುಗಳ ಕೊರತೆ ಇಲ್ಲವೆಂದು ತಿಳಿದವರಿದ್ದಾರೆ. ಆ ಮರಳಿನಲ್ಲಿ ಧಾರಾಳವಾಗಿರುವುದು ಹಗುರ ಧಾತುಗಳಾದ ಸೀರಿಯಂ, ಲ್ಯಾಂಥನಂ, ನಿಯೋಡಿಮಿಯಂ. ಬಿಳಿ ಫಾಸ್ಫರಿಗೆ ಬೇಕಾದ ಯೂರೋಪಿಯಂ, ಟರ್ಬಿಯಂ, ಡಿಸ್ಪ್ರೋಸಿಯಂ ಅದರಲ್ಲಿ ನಾಮಮಾತ್ರ. ಅವು ಬರಬೇಕಾದದ್ದು ಬಹುತೇಕ ಚೀನಾದಿಂದ. 2025ರ ಏಪ್ರಿಲಿನಲ್ಲಿ ಚೀನಾ ಏಳು ವಿರಳ ಭಸ್ಮಗಳ ರಫ್ತಿಗೆ ಪರವಾನಗಿಯ ಕಟ್ಟುಪಾಡು ಹಾಕಿದಾಗ ಆ ಪಟ್ಟಿಯಲ್ಲಿ ಟರ್ಬಿಯಂ, ಡಿಸ್ಪ್ರೋಸಿಯಂ, ಯಿಟ್ರಿಯಂ ಮೂರೂ ಇದ್ದವು. ಬಳಸುವುದು ಗ್ರಾಂ ಲೆಕ್ಕದಲ್ಲಾದರೂ ಬರುವ ದಾರಿ ಒಂದೇ ಆದಾಗ ಯೋಚಿಸಬೇಕಾಗುತ್ತದೆ.

ಆ ಕಾರಣಕ್ಕೇ ಈಚೆಗೆ ವಿರಳ ಭಸ್ಮವಿಲ್ಲದ ಜೋಡಿಗಳತ್ತ ಹೊರಳಿದ್ದೇನೆ. ಹ್ಯಾಲೋಫಾಸ್ಫೇಟಿನ ಆಂಟಿಮನಿ 254ರ ಪಾದರಸದ ಗೆರೆಗೆ ಹೊಂದಿಕೊಂಡದ್ದು, ಇಂದಿನ ಚಿಪ್ಪುಗಳಿಗೆ ಅದು ಆಗದು. ಅದರ ಜಾಗದಲ್ಲಿ ಬಿಸ್ಮತ್ ಇಟ್ಟರೆ, ಆಶ್ರಯ ಸ್ಫಟಿಕವನ್ನು ಅವಲಂಬಿಸಿ, 340ರಿಂದ 400ರ ನಡುವೆ ಹೀರುವಂತೆ ಮಾಡಬಹುದು ಮತ್ತು ಅದು ಮ್ಯಾಂಗನೀಸಿಗೆ ಶಕ್ತಿ ದಾಟಿಸಬಲ್ಲದು. ಬಿಸ್ಮತ್ ಹೆಚ್ಚು ಶಾಖದಲ್ಲಿ ಆವಿಯಾಗಿ ಮೂಸೆಯಿಂದ ತಪ್ಪಿಸಿಕೊಳ್ಳುವ ಧಾತುವಾದ್ದರಿಂದ ಸುಡುವ ಶಾಖವನ್ನು ತಗ್ಗಿಸಬೇಕು. ಪಾಟೀಲರ ಯೂರಿಯಾ ವಿಧಾನ ಇಲ್ಲಿ ಕೈಹಿಡಿಯಬಹುದೆಂದು ನನ್ನ ಅಂದಾಜು, ಏಕೆಂದರೆ ಜ್ವಾಲೆ ಬಿಸಿಯಾದರೂ ಅದರ ಆಯುಸ್ಸು ಕ್ಷಣಮಾತ್ರ. ಈಗ ಕೈಯಲ್ಲಿರುವ ಮಾದರಿ 365ರ ಟಾರ್ಚಿನ ಕೆಳಗೆ ಬೆಚ್ಚಗಿನ ಬಿಳಿ ಕೊಡುತ್ತಿದೆ. 150 ಡಿಗ್ರಿಯಲ್ಲಿ ಅದರ ನೀಲಿ ಮತ್ತು ಕಿತ್ತಳೆ ಪಟ್ಟೆಗಳು ಒಂದೇ ಪ್ರಮಾಣದಲ್ಲಿ ಇಳಿಯುತ್ತವೆಯೋ ಇಲ್ಲವೋ ಎಂಬ ಅಳತೆಗೆ ರೋಹಿತಮಾಪಕದ ಬಿಸಿಪೀಠ ಬೇಕು. ಅದಕ್ಕೆ ಸರದಿಯಲ್ಲಿ ಹೆಸರು ಬರೆಸಿದ್ದೇನೆ.